ಕಾರ್ಮಿಕನ ಪರಿಹಾರ ಮತ್ತು ಮೇಲ್ಮನವಿಯ ಮಿತಿ

ದುಡಿಮೆಯ ಸ್ಥಳದಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡ ಕಾರ್ಮಿಕನಿಗೆ ಪರಿಹಾರ ಆಯುಕ್ತರು ಹಣ ನೀಡುವಂತೆ ಆದೇಶಿಸಿದೊಡನೆ ವ್ಯಾಜ್ಯ ಮುಗಿಯಿತೆಂದು ಹೇಳುವಂತಿಲ್ಲ. ಮಾಲೀಕರೋ ವಿಮಾ ಕಂಪನಿಯೋ ಹೈಕೋರ್ಟ್ ಮೆಟ್ಟಿಲೇರುವುದು ಸಾಮಾನ್ಯ. ಆಯುಕ್ತರ ತೀರ್ಪನ್ನು ಉನ್ನತ ನ್ಯಾಯಾಲಯಗಳು ಪರಿಶೀಲಿಸಬಹುದೇ? ಪರಿಶೀಲಿಸಬಹುದು, ಆದರೆ ಸೀಮಿತವಾಗಿ ಮಾತ್ರ ಎಂಬುದು ಶಾಸನದ ಉತ್ತರ. ಆ ಮಿತಿಯನ್ನು ನ್ಯಾಯಾಲಯಗಳು ಎಷ್ಟರಮಟ್ಟಿಗೆ ಪಾಲಿಸುತ್ತವೆ ಎಂಬುದರ ಮೇಲೆ ಅನೇಕ ಬಡ ಕುಟುಂಬಗಳ ಬದುಕು ನಿಂತಿದೆ.

1923ರ ಕಾರ್ಮಿಕರ ಪರಿಹಾರ ಕಾಯ್ದೆ 2010ರಲ್ಲಿ ಉದ್ಯೋಗಿಗಳ ಪರಿಹಾರ ಕಾಯ್ದೆ ಎಂಬ ಹೆಸರು ಪಡೆಯಿತು. ಅದರ 30ನೇ ಕಲಮಿನಂತೆ ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಬೇಕಾದರೆ ಪ್ರಕರಣದಲ್ಲಿ ಮಹತ್ವದ ಕಾನೂನು ಪ್ರಶ್ನೆ ಇರಲೇಬೇಕು. 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಪರಿಹಾರದ ಆದೇಶವನ್ನು ಮಾಲೀಕರು ಪ್ರಶ್ನಿಸುವುದಾದರೆ ಮೊದಲು ಪೂರ್ಣ ಮೊತ್ತವನ್ನು ಆಯುಕ್ತರಲ್ಲಿ ಠೇವಣಿ ಇಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಚೌಕಟ್ಟು ಬಹುಮಟ್ಟಿಗೆ ಉಳಿದಿದೆ.

ಅಪಘಾತ ನಡೆಯಿತೇ, ಗಾಯಾಳುವಿನ ಕೂಲಿ ಎಷ್ಟಿತ್ತು, ದುಡಿಯುವ ಶಕ್ತಿ ಎಷ್ಟು ಕುಂದಿತು ಎಂಬಂಥವು ವಾಸ್ತವಾಂಶದ ಪ್ರಶ್ನೆಗಳು. ಸಾಕ್ಷಿಗಳನ್ನು ಕಂಡು ಕೇಳಿದ ಆಯುಕ್ತರೇ ಇವುಗಳಿಗೆ ಅಂತಿಮ ಅಧಿಕಾರಿ. ಪುರಾವೆಯೇ ಇಲ್ಲದೆ ನಿರ್ಣಯಕ್ಕೆ ಬಂದಿದ್ದರೆ, ಮುಖ್ಯ ಪುರಾವೆಯನ್ನು ಕಡೆಗಣಿಸಿದ್ದರೆ, ಇಲ್ಲವೇ ಕಾಯ್ದೆಯನ್ನೇ ತಪ್ಪಾಗಿ ಅರ್ಥೈಸಿದ್ದರೆ ಮಾತ್ರ ಅಲ್ಲಿ ಕಾನೂನಿನ ಪ್ರಶ್ನೆ ಹುಟ್ಟುತ್ತದೆ.

ಇದನ್ನು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಬೇಕಾಗಿ ಬಂದಿದೆ. ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ ಅವನ ನಷ್ಟ ಭಾಗಶಃ ಮಾತ್ರ ಎಂದು ಮಾಲೀಕರು ವಾದಿಸಿದ್ದರು. ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಧ್ಯವಿಲ್ಲವೆಂದು ಆಯುಕ್ತರು ನಷ್ಟವನ್ನು ಸಂಪೂರ್ಣವೆಂದು ಎಣಿಸಿದ್ದನ್ನು 1975ರ ಕೊನೆಯಲ್ಲಿ ನಾಲ್ವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು. ಕರ್ನಾಟಕದಿಂದ ಹೋದ ಎರಡು ಪ್ರಕರಣಗಳೂ ಇಲ್ಲಿ ಗಮನಾರ್ಹ. ಆಯುಕ್ತರು ನಿಗದಿಪಡಿಸಿದ್ದ ಅಂಗವೈಕಲ್ಯದ ಪ್ರಮಾಣವನ್ನು ನಮ್ಮ ಹೈಕೋರ್ಟ್ ಮತ್ತೆ ತೂಗಿ ನೋಡಿದ್ದನ್ನು 2016ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಂದಿನ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಮೇಲ್ಮನವಿಯನ್ನು ತಿರಸ್ಕರಿಸುವಾಗಲೂ 2018ರಲ್ಲಿ ಅದೇ ತತ್ತ್ವವನ್ನು ವಿವರಿಸಿತು.

ಹಾಗೆಂದು ಮೇಲ್ಮನವಿಯ ಬಾಗಿಲನ್ನೇ ಮುಚ್ಚಬೇಕೆಂದು ನಾನು ವಾದಿಸುವುದಿಲ್ಲ. ಆಯುಕ್ತರು ಕಾನೂನನ್ನು ತಪ್ಪಾಗಿ ಓದಿ ಅರ್ಜಿ ವಜಾ ಮಾಡಿದಾಗ ಕಾರ್ಮಿಕನಿಗೂ ಅದೇ ಬಾಗಿಲು ಬೇಕು. ಸಂವಿಧಾನದ 227 ಮತ್ತು 136ನೇ ವಿಧಿಗಳ ಅಧಿಕಾರವನ್ನಂತೂ ಸಾಮಾನ್ಯ ಶಾಸನ ಕಿತ್ತುಕೊಳ್ಳಲಾರದು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರಲ್ಲಿ ನಸುಕಿನ ಪಾಳಿಗೆ ಹೋಗುವಾಗ ರಸ್ತೆ ಅಪಘಾತದಲ್ಲಿ ಮೃತಪಟ್ಟ. ಆಯುಕ್ತರು ನೀಡಿದ ಪರಿಹಾರವನ್ನು ಬಾಂಬೆ ಹೈಕೋರ್ಟ್ ರದ್ದುಪಡಿಸಿತು. ಕೆಲಸಕ್ಕೆ ಹೋಗಿಬರುವ ಹಾದಿಯ ಅಪಘಾತಕ್ಕೂ ಉದ್ಯೋಗಕ್ಕೂ ಸಮಯ, ಸ್ಥಳ, ಸಂದರ್ಭಗಳ ನಂಟಿದ್ದರೆ ಪರಿಹಾರ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ತೀರ್ಪಿತ್ತು, ಆಯುಕ್ತರ ಆದೇಶವನ್ನು ಮರಳಿ ಸ್ಥಾಪಿಸಿತು.

ಅಲ್ಲಿದ್ದದ್ದು ನಿಜವಾದ ಕಾನೂನು ಪ್ರಶ್ನೆಯೇ. ಆದರೆ ಉತ್ತರ ಬರುವಷ್ಟರಲ್ಲಿ 22 ವರ್ಷಗಳು ಸಂದಿದ್ದವು. ಪರಿಹಾರ ವಿಳಂಬವಾದರೆ ಶೇ 12ರ ಬಡ್ಡಿ ಸಲ್ಲುತ್ತದೆ, ನಿಜ. ದುಡಿಯುವ ಜೀವವನ್ನು ಕಳೆದುಕೊಂಡ ಮನೆಗೆ ಬಾಡಿಗೆ, ಔಷಧಿ, ಮಕ್ಕಳ ಶಾಲೆಯ ಖರ್ಚು ಆಯಾ ತಿಂಗಳೇ ಬರುತ್ತವೆ. ಎರಡು ದಶಕಗಳ ಬಳಿಕ ಬರುವ ಬಡ್ಡಿ ಆ ತಿಂಗಳುಗಳನ್ನು ಮರಳಿ ಕೊಡಲಾರದು.

ಮೇಲ್ಮನವಿ ಬಾಕಿ ಇರುವಾಗ ಠೇವಣಿ ಹಣವನ್ನು ತಡೆಹಿಡಿಯಲು ಅವಕಾಶವಿತ್ತ 30ಎ ಕಲಮನ್ನು ಸಂಸತ್ತು 2017ರಲ್ಲಿ ಕೈಬಿಟ್ಟಿತು. ವಿವಾದಿತ ಮೊತ್ತದ ಕನಿಷ್ಠ ಮಿತಿಯನ್ನೂ 300 ರೂಪಾಯಿಯಿಂದ 10,000ಕ್ಕೆ ಏರಿಸಿತು. ಶಾಸಕಾಂಗದ ಇಂಗಿತ ಸ್ಪಷ್ಟವಾಗಿದೆ: ಹಣ ಬೇಗ ತಲುಪಬೇಕು, ಕ್ಷುಲ್ಲಕ ಮೇಲ್ಮನವಿಗಳು ನಿಲ್ಲಬೇಕು.

ಈ ಇಂಗಿತ ಕಾರ್ಯರೂಪಕ್ಕೆ ಬರಬೇಕಾದರೆ ಹೈಕೋರ್ಟ್‌ಗಳು ಮೇಲ್ಮನವಿಯನ್ನು ದಾಖಲಿಸಿಕೊಳ್ಳುವ ಹಂತದಲ್ಲೇ ಕಾನೂನಿನ ಪ್ರಶ್ನೆ ಯಾವುದೆಂದು ಬರೆದು ನಮೂದಿಸಬೇಕು. ಪ್ರಶ್ನೆ ಇಲ್ಲವಾದರೆ ಅಲ್ಲಿಯೇ ವಜಾ ಮಾಡಬೇಕು. ಪ್ರಶ್ನೆ ಇದ್ದರೂ, ಠೇವಣಿಯ ಒಂದು ಪಾಲಾದರೂ ಗಾಯಾಳುವಿಗೆ ಅಥವಾ ಅವಲಂಬಿತರಿಗೆ ತಕ್ಷಣ ಸಿಗುವಂತೆ ಆದೇಶಿಸಬೇಕು. ಸರ್ಕಾರಿ ನಿಗಮಗಳು ಮತ್ತು ಸಾರ್ವಜನಿಕ ವಿಮಾ ಕಂಪನಿಗಳು ಮೇಲ್ಮನವಿಗೆ ಮುನ್ನ ಇದೇ ಪ್ರಶ್ನೆಯನ್ನು ತಮ್ಮ ವಕೀಲರಿಗೆ ಕೇಳಬೇಕು. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಇರುವ ಕಾನೂನನ್ನು ಅದರ ಉದ್ದೇಶಕ್ಕೆ ತಕ್ಕಂತೆ ನಡೆಸಿದರೆ ಸಾಕು.