ಡಿಸ್ಚಾರ್ಜ್ ಕಾಗದ ಅಮ್ಮನಿಗೆ ಅರ್ಥವಾಯಿತೇ?



ಊರಿನಿಂದ ಅಪ್ಪ ಅಮ್ಮನನ್ನು ಕರೆತಂದು ನೋಯ್ಡಾ, ಗುರುಗ್ರಾಮ, ದ್ವಾರಕಾದಲ್ಲಿ ಜೊತೆಗಿಟ್ಟುಕೊಂಡವರು ನಮ್ಮಲ್ಲಿ ಅನೇಕರು. ವೈದ್ಯರು "ಹಾರ್ಟ್ ಫೇಲ್ಯೂರ್" ಎಂದರೆ ಮನೆಯವರೆಲ್ಲ ಕಂಗಾಲಾಗುತ್ತಾರೆ. ಹೃದಯ ನಿಂತಿದೆ ಎಂದು ಅದರ ಅರ್ಥವಲ್ಲ. ದೇಹಕ್ಕೆ ಬೇಕಾದಷ್ಟು ರಕ್ತ ಪಂಪ್ ಮಾಡಲು ಅದಕ್ಕೆ ಆಗುತ್ತಿಲ್ಲ. ಹಾಗಾಗಿ ಕಾಲಿನಲ್ಲಿ, ಶ್ವಾಸಕೋಶದಲ್ಲಿ ನೀರು ಸೇರುತ್ತದೆ.

ಏಮ್ಸ್, ಸಫ್ದರ್‌ಜಂಗ್‌ನಂಥ ಆಸ್ಪತ್ರೆಗಳ ಜನಸಂದಣಿ ನೀವೇ ನೋಡಿದ್ದೀರಿ. ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿ, ವಿವರಣೆ ಹಿಂದಿಯಲ್ಲಿ. ಕನ್ನಡ ಮಾತ್ರ ಬಲ್ಲ ಅಮ್ಮ ಎರಡಕ್ಕೂ ತಲೆಯಾಡಿಸಿ ಬರುತ್ತಾರೆ. ನೀವು ಆಫೀಸಿಗೆ ಹೋದ ಮೇಲೆ ಹಗಲೆಲ್ಲ ಅವರೊಬ್ಬರೇ. ಆ ಕಾಗದವನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸುವುದೂ ಚಿಕಿತ್ಸೆಯೇ ಎಂಬುದು ನನ್ನ ಅಭಿಪ್ರಾಯ.

ಇಷ್ಟನ್ನು ಬರೆಯಿರಿ:

✅ ದಿನಾ ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. 3 ದಿನದಲ್ಲಿ 2 ಕಿಲೋ ಏರಿದರೆ ಅದು ಮೈ ಬಂದದ್ದಲ್ಲ, ನೀರು. ಅಂದೇ ವೈದ್ಯರಿಗೆ ತಿಳಿಸಿ.

✅ ಉಪ್ಪು ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರದಿರಲಿ. ಊರಿಂದ ಬಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಇಲ್ಲಿಯ ನಮ್ಕೀನ್ ಎಲ್ಲವೂ ಇದೇ ಲೆಕ್ಕಕ್ಕೆ. ಸೈಂಧವ ಲವಣವೂ ಉಪ್ಪೇ. "ಲೋ ಸೋಡಿಯಂ" ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕೆಲವು ಹೃದಯದ ಮಾತ್ರೆಗಳ ಜೊತೆ ಅದು ಅಪಾಯ. ವೈದ್ಯರನ್ನು ಕೇಳದೆ ಬೇಡ.

✅ ಮಂಡಿನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಾವಾಗಿಯೇ ನುಂಗಬಾರದು. ಅವು ದೇಹದಲ್ಲಿ ನೀರು ನಿಲ್ಲಿಸುತ್ತವೆ.

✅ ಆರಾಮಾಯಿತೆಂದು ಮಾತ್ರೆ ಬಿಡಬಾರದು. ಆರಾಮಾದದ್ದೇ ಮಾತ್ರೆಯಿಂದ.

✅ ನವೆಂಬರ್‌ನ ಹೊಗೆಮಂಜಿನಲ್ಲಿ ಬೆಳಗಿನ ವಾಕಿಂಗ್ ಬೇಡ; ಮನೆಯೊಳಗೇ ನಡೆಯಲಿ. ಫ್ಲೂ ಲಸಿಕೆ ಬಗ್ಗೆ ವೈದ್ಯರನ್ನು ಕೇಳಿ.

🚨 ಮಲಗಿದರೆ ಉಸಿರು ಕಟ್ಟುವುದು, ದಿಂಬು ಏರಿಸಬೇಕಾಗುವುದು, ಕಾಲು ಊದುವುದು ಎಚ್ಚರಿಕೆಯ ಗಂಟೆ. ಅಂದೇ ವೈದ್ಯರನ್ನು ಕಾಣಿ. ಎದೆನೋವು, ಕುಳಿತಲ್ಲೇ ಏದುಸಿರು ಬಂದರೆ ತಡಮಾಡದೆ 112ಕ್ಕೆ ಕರೆ ಮಾಡಿ.

ಆರ್.ಕೆ.ಪುರಂನ ದೆಹಲಿ ಕರ್ನಾಟಕ ಸಂಘಕ್ಕೆ ನಾಟಕ, ರಾಜ್ಯೋತ್ಸವಕ್ಕೆಂದು ನಾವೆಲ್ಲ ಸೇರುತ್ತೇವೆ. ಅಂಥ ಕಡೆ ತಿಂಗಳಿಗೊಮ್ಮೆ ಅರ್ಧ ಗಂಟೆ, ಕನ್ನಡ ಬಲ್ಲ ವೈದ್ಯರೊಬ್ಬರು ಹಿರಿಯರೊಡನೆ ಕೂತು ಮಾತಾಡಿದರೆ? ಕನ್ನಡ ಸೇವೆ ಎಂದರೆ ಇದೂ ಹೌದಲ್ಲವೇ?

ಅಲ್ಲಿಯವರೆಗೆ ಕಾಯಬೇಡಿ. ಇಂದು ಸಂಜೆ ಅಮ್ಮನ ಪಕ್ಕ ಕೂತು ಆ ಕಾಗದ ಓದಿ ಹೇಳಿ. ಹಿರಿಯರಿರುವ ಮನೆಗಳಿಗೆ ಇದನ್ನು ಕಳುಹಿಸಿ.