ಕಿವಿಗೆ ತಕ್ಕ ಹೆಡ್‌ಫೋನು

ಕಣ್ಣಿಗೆ ರೆಪ್ಪೆಯನ್ನು ಕೊಟ್ಟ ವಿಧಾತನು ಕಿವಿಗೆ ಕದವನ್ನಿಡಲು ಮರೆತನೆಂದು ತೋರುತ್ತದೆ. ಬೇಡವಾದುದನ್ನು ನೋಡದಿರಬೇಕಾದರೆ ಕಣ್ಣು ಮುಚ್ಚಿದರಾಯಿತು; ಬೇಡವಾದುದನ್ನು ಕೇಳದಿರಬೇಕಾದರೆ ಊರನ್ನೇ ಬಿಡಬೇಕು. ಮೇಲಂತಸ್ತಿನ ಮಿಕ್ಸಿ, ಎದುರುಮನೆಯ ಟೆಲಿವಿಷನ್ನು, ಬೀದಿಯ ಹಾರನ್ನುಗಳು, ಇವುಗಳ ನಡುವೆ ಒಂದು ತೋಡಿಯ ಆಲಾಪನೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಬೇಕೆಂದು ಬಯಸುವ ಪಟ್ಟಣವಾಸಿಗೆ ಹೆಡ್‌ಫೋನು ಈಗ ವಿಲಾಸದ ವಸ್ತುವಾಗಿ ಉಳಿದಿಲ್ಲ. ಅದು ಅವನು ತನ್ನ ಕಿವಿಗೆ ತಾನೇ ಹಾಕಿಸಿಕೊಂಡ ಕದ.

ಕದವೆಂದ ಮೇಲೆ ಅದಕ್ಕೆ ಅಳತೆಯುಂಟು, ಬೆಲೆಯುಂಟು. ಕೆಲವು ನೂರು ರೂಪಾಯಿಗಳಿಂದ ಹಿಡಿದು ಲಕ್ಷದ ಆಚೆಯವರೆಗೆ ಹಬ್ಬಿರುವ ಈ ಸರಕಿನ ಮುಂದೆ ನಿಂತವನು ತಬ್ಬಿಬ್ಬಾಗುವುದು ಸಹಜ. ತಬ್ಬಿಬ್ಬಾದವನು ಕೇಳುವ ಪ್ರಶ್ನೆಯೂ ಒಂದೇ: “ಇವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು?” ಎಲ್ಲಕ್ಕಿಂತ ಒಳ್ಳೆಯ ಪಾದರಕ್ಷೆ ಯಾವುದೆಂದು ಕೇಳಿದರೆ ಬಲ್ಲವನು ಏನೆಂದಾನು? “ಯಾರ ಕಾಲಿಗೆ? ಎಲ್ಲಿ ನಡೆಯುವುದಕ್ಕೆ?” ಎಂದು ಮರುಪ್ರಶ್ನೆ ಹಾಕುವನಲ್ಲವೆ? ಹೆಡ್‌ಫೋನಿನ ವಿಷಯದಲ್ಲಿಯೂ ಈ ಮರುಪ್ರಶ್ನೆಯೇ ಅರ್ಧ ಉತ್ತರ.

ಈ ಉಪಕರಣದ ಚರಿತ್ರೆಯೂ ಅದನ್ನೇ ಹೇಳುತ್ತದೆ. 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನೆಥೇನಿಯಲ್ ಬಾಲ್ಡ್ವಿನ್ ಎಂಬಾತನು ತನ್ನ ಮನೆಯ ಅಡಿಗೆಕೋಣೆಯಲ್ಲಿ ಕುಳಿತು ಹೆಡ್‌ಫೋನುಗಳನ್ನು ತಯಾರಿಸಿ ಆ ದೇಶದ ನೌಕಾದಳಕ್ಕೆ ಒದಗಿಸಿದನು. ಅವು ಸಂಗೀತಕ್ಕಾಗಿ ಹುಟ್ಟಿದವಲ್ಲ. ದೂರದ ರೇಡಿಯೋ ಸಂಕೇತಗಳನ್ನು ಹಿಡಿಯುವುದಕ್ಕಾಗಿ ಹುಟ್ಟಿದವು. 1958ರಲ್ಲಿ ಮಿಲ್ವಾಕಿ ನಗರದ ಜಾನ್ ಕಾಸ್ ಎಂಬವರು ಗ್ರಾಮಫೋನಿನ ಸಂಗೀತವನ್ನು ಎರಡು ಕಿವಿಗಳಿಗೂ ಬೇರೆಬೇರೆಯಾಗಿ ತಲಪಿಸುವ ಸ್ಟೀರಿಯೋ ಹೆಡ್‌ಫೋನನ್ನು ತಂದರು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು ಹಿಂಬದಿ ತೆರೆದಿದ್ದ, ಹಳದಿ ಬಣ್ಣದ ಸ್ಪಂಜಿನ, ಹಗುರವಾದ ಎಚ್‌ಡಿ 414 ಎಂಬುದನ್ನು ಹೊರಡಿಸಿತು. 1979ರಲ್ಲಿ ಜಪಾನಿನ ಸೋನಿ ವಾಕ್‌ಮನ್ ಬಂದು ಸಂಗೀತವು ಮನೆಬಿಟ್ಟು ಬೀದಿಗಿಳಿಯಿತು. ನಾಲ್ಕೂ ನಾಲ್ಕು ಬಗೆಯ ಅಗತ್ಯಗಳಿಂದ ಹುಟ್ಟಿದವು. ನಮ್ಮ ಅಗತ್ಯ ಯಾವುದೆಂದು ತಿಳಿದರೆ ಆಯ್ಕೆಯ ಕಷ್ಟವು ತಾನಾಗಿಯೇ ಕಡಮೆಯಾಗುತ್ತದೆ.

ಮೊದಲು ತೆರೆದುದು, ಮುಚ್ಚಿದುದು ಎಂಬ ಭೇದ. ತೆರೆದ ಹೆಡ್‌ಫೋನು ನಮ್ಮ ಹಳೆಯ ಮನೆಗಳ ಜಗಲಿಯಂತೆ. ಅದರ ಹಿಂಬದಿಯಲ್ಲಿ ಜಾಲರಿಯಿರುವುದರಿಂದ ಗಾಳಿಯೂ ಧ್ವನಿಯೂ ಸಲೀಸಾಗಿ ಆಡುತ್ತವೆ. ಹಾಡುವವರು ತಲೆಯೊಳಗೆ ಕುಳಿತು ಹಾಡುತ್ತಿರುವಂತೆ ತೋರದೆ, ಎದುರಿಗೆ ತುಸು ದೂರದಲ್ಲಿ ಕುಳಿತಂತೆ ಭಾಸವಾಗುತ್ತದೆ. ಆದರೆ ಜಗಲಿಯ ಮಾತು ಬೀದಿಗೂ, ಬೀದಿಯ ಮಾತು ಜಗಲಿಗೂ ಕೇಳಿಸುವುದು ತಪ್ಪದು. ಪಕ್ಕದಲ್ಲಿ ಮಲಗಿದವರ ನಿದ್ರೆ ಕೆಡುತ್ತದೆ. ಮುಚ್ಚಿದ ಹೆಡ್‌ಫೋನು ಕದವಿಕ್ಕಿದ ಕೋಣೆ. ಒಳಗಿನದು ಒಳಗೆ, ಹೊರಗಿನದು ಬಹುಮಟ್ಟಿಗೆ ಹೊರಗೆ. ಇದರಲ್ಲಿ ನಾದದ ವೈಶಾಲ್ಯ ಸ್ವಲ್ಪ ಕಡಮೆ, ಬೇಸಗೆಯಲ್ಲಿ ಕಿವಿ ಬೆವರುವುದು ಹೆಚ್ಚು. ಇನ್ನು ಮೂರನೆಯದು ಕಿವಿಯ ರಂಧ್ರದೊಳಗೇ ಸೇರಿಸಿಕೊಳ್ಳುವ ಕಿರಿಯ ಜಾತಿ. ಜೇಬಿನಲ್ಲಿ ಹಿಡಿಯುತ್ತದೆ, ಹೊರಗಿನ ಗದ್ದಲವನ್ನು ಚೆನ್ನಾಗಿ ತಡೆಯುತ್ತದೆ, ಬೆಲೆಗೆ ಹೋಲಿಸಿದರೆ ನಾದವೂ ಉತ್ತಮ. ಅದರ ತುದಿಯ ರಬ್ಬರಿನ ಗುಬುಟು ಕಿವಿಯ ಅಳತೆಗೆ ಸರಿಹೊಂದಬೇಕೆಂಬುದೊಂದೇ ನಿಯಮ. ಸರಿಹೊಂದದಿದ್ದರೆ ಮಂದ್ರದ ಧ್ವನಿಯೆಲ್ಲ ಸೋರಿಹೋಗಿ, ಮೃದಂಗವು ತಗಡಿನ ಡಬ್ಬಿಯಂತೆ ಕೇಳಿಸುತ್ತದೆ. ಎಷ್ಟೋ ಜನರು ವಸ್ತುವನ್ನು ಹಳಿಯುವಾಗ ನಿಜವಾಗಿ ಹಳಿಯಬೇಕಾದುದು ಈ ಗುಬುಟಿನ ಅಳತೆಯನ್ನು.

ಆದುದರಿಂದ ರಾತ್ರಿ ಏಕಾಂತದ ಕೋಣೆಯಲ್ಲಿ ಕುಳಿತು ಸಂಗೀತವನ್ನೇ ಕೇಳುವವರಿಗೆ ತೆರೆದುದು; ನಾಲ್ಕು ಜನರಿರುವ ಕೋಣೆಯಲ್ಲಿ, ಕಛೇರಿಯ ಕೆಲಸದಲ್ಲಿ ಮುಚ್ಚಿದುದು; ಬಸ್ಸು ರೈಲುಗಳಲ್ಲಿ ಕಿವಿಯೊಳಗಿನದು. ವೀಣೆಯನ್ನೋ ಕೀಬೋರ್ಡನ್ನೋ ಅಭ್ಯಾಸಮಾಡುವ ಮಕ್ಕಳಿಗೆ ತಂತಿಯಿರುವುದೇ ಬೇಕು. ತಂತಿಯಿಲ್ಲದ ಬ್ಲೂಟೂತ್ ಜಾತಿಯಲ್ಲಿ ಧ್ವನಿಯು ಕ್ಷಣಮಾತ್ರ ತಡವಾಗಿ ಬರುತ್ತದೆ. ಸಿನಿಮಾ ನೋಡುವವನಿಗೆ ಅದು ಹೊಳೆಯದೆಯೂ ಹೋಗಬಹುದು. ತಾಳ ಹಾಕುವವನಿಗೆ ಅದೇ ತಾಳತಪ್ಪು.

ಗದ್ದಲವನ್ನು ಅಳಿಸುವ ಹೆಡ್‌ಫೋನುಗಳ ಬಗ್ಗೆ ಒಂದು ಮಾತು. ಬಂಗಾಳದಿಂದ ಅಮೆರಿಕಕ್ಕೆ ಹೋದವರೊಬ್ಬರ ಮಗನಾದ ಪ್ರಾಧ್ಯಾಪಕ ಅಮರ್ ಬೋಸ್ ಅವರು 1978ರಲ್ಲಿ ವಿಮಾನದಲ್ಲಿ ಕುಳಿತಿದ್ದಾಗ ಎಂಜಿನಿನ ಮೊರೆತದಲ್ಲಿ ಸಂಗೀತ ಮುಳುಗಿಹೋಗುವುದನ್ನು ಕಂಡು ಈ ಯೋಚನೆಯಲ್ಲಿ ತೊಡಗಿದರು. ಹೊರಗಿನ ಧ್ವನಿಯನ್ನು ಪುಟ್ಟ ಮೈಕ್ರೋಫೋನಿನಿಂದ ಗ್ರಹಿಸಿ, ಅದಕ್ಕೆ ಸರಿಯಾಗಿ ತಿರುಗುಮುರುಗಾದ ಅಲೆಯನ್ನು ಹುಟ್ಟಿಸಿದರೆ, ಎರಡೂ ಒಂದನ್ನೊಂದು ನುಂಗಿ ಮೌನ ಉಳಿಯುತ್ತದೆಂಬುದು ಇದರ ತತ್ತ್ವ. ಅವರ ಸಂಸ್ಥೆಯು 1989ರಲ್ಲಿ ವಿಮಾನ ಚಾಲಕರಿಗಾಗಿಯೂ, 2000ದಲ್ಲಿ ಪ್ರಯಾಣಿಕರಿಗಾಗಿಯೂ ಇದನ್ನು ಮಾರುಕಟ್ಟೆಗೆ ತಂದಿತು. ಒಂದೇ ಸಮನೆ ಮೊರೆಯುವ ತಗ್ಗಿದ ಧ್ವನಿಗಳನ್ನು, ಎಂದರೆ ವಿಮಾನ, ರೈಲು, ಬಸ್ಸಿನ ಎಂಜಿನುಗಳನ್ನು, ಇದು ಚೆನ್ನಾಗಿ ಅಳಿಸುತ್ತದೆ. ಕಂಡಕ್ಟರನ ಸೀಟಿ, ಮಗುವಿನ ಅಳು, ಪಕ್ಕದವರ ಹರಟೆ ಇವುಗಳ ಮುಂದೆ ಇದರ ಪ್ರಭಾವ ಅಷ್ಟಕ್ಕಷ್ಟೆ. ಬರಿಯ ಹರಟೆಯಿಂದ ಪಾರಾಗಲು ಇದಕ್ಕೆ ಹಣ ಸುರಿಯುವವರಿಗೆ ನಿರಾಶೆ ಕಾದಿರುತ್ತದೆ.

ಇನ್ನು ಹಣದ ಮಾತು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಇಲ್ಲಿ ಎರಡು ಅರ್ಥಗಳಿವೆ. ಮೊದಲನೆಯದು ಎಲ್ಲರಿಗೂ ತಿಳಿದದ್ದು. ಎರಡನೆಯದು, ಹೆಡ್‌ಫೋನಿನ ಬೆಲೆಯೇ ಪೂರ್ತಿ ಬೆಲೆಯಲ್ಲವೆಂಬುದು. ಪ್ರತಿಯೊಂದು ಹೆಡ್‌ಫೋನಿಗೂ ಓಮ್‌ಗಳಲ್ಲಿ ಅಳೆಯುವ ಒಂದು ವಿದ್ಯುತ್ ತಡೆಯುಂಟು. 1997ರಲ್ಲಿ ಬಂದು ರಸಿಕರ ಮೆಚ್ಚುಗೆ ಗಳಿಸಿದ ಸೆನ್‌ಹೈಸರ್ ಎಚ್‌ಡಿ 600ರಲ್ಲಿ ಅದು 300 ಓಮ್. ಸಾಮಾನ್ಯ ಮೊಬೈಲಿಗೆ ಇಂತಹುದನ್ನು ಜೋಡಿಸಿದರೆ ಆಳವಾದ ಬಾವಿಗೆ ಗಿಡ್ಡ ಹಗ್ಗ ಬಿಟ್ಟಂತಾಗುತ್ತದೆ: ಕೊಡ ನೀರನ್ನು ಮುಟ್ಟುವುದೇ ಕಷ್ಟ. ಅದಕ್ಕೆ ಪ್ರತ್ಯೇಕ ಆಂಪ್ಲಿಫಯರ್ ಬೇಕು. ಅದರ ಹಣವನ್ನೂ ಲೆಕ್ಕದಲ್ಲಿ ಸೇರಿಸಬೇಕು. ಬೇಯರ್‌ಡೈನಾಮಿಕ್ ಸಂಸ್ಥೆಯ ಡಿಟಿ 770 ಪ್ರೊ ಎಂಬ ಒಂದೇ ಮಾದರಿಯು 32, 80, 250 ಓಮ್‌ಗಳೆಂಬ ಮೂರು ಬಗೆಗಳಲ್ಲಿ ಬಂದುದುಂಟು. ಹೆಸರೊಂದೇ ಎಂದು 250ರದನ್ನು ತಂದು ಮೊಬೈಲಿಗೆ ಸಿಕ್ಕಿಸಿದವನಿಗೆ ಕ್ಷೀಣಸ್ವರವೇ ಗತಿ. ಪೆಟ್ಟಿಗೆಯ ಮೇಲಿನ ಓಮ್‌ಗಳನ್ನು ಓದದೆ ಹಣ ತೆರಬಾರದು.

ಹೆಚ್ಚು ಬೆಲೆಯೆಂದರೆ ಹೆಚ್ಚು ಗುಣವೆ? 2017ರಲ್ಲಿ ಜೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳನ್ನು ಅಳೆದು ಒಂದು ಪ್ರಬಂಧವನ್ನು ಪ್ರಕಟಿಸಿದರು. ಮಂದ್ರದಿಂದ ತಾರದವರೆಗೆ ಧ್ವನಿಗಳನ್ನು ಯಾವ ಪ್ರಮಾಣದಲ್ಲಿ ಕೇಳಿಸುತ್ತದೆಂಬುದಕ್ಕೂ ಅಂಗಡಿಯ ಬೆಲೆಗೂ ಸಂಬಂಧವೇ ಕಾಣಲಿಲ್ಲವೆಂಬುದು ಅವರು ಕಂಡ ಫಲ. ಬೆಲೆಯು ಕಟ್ಟಡದ ಗಟ್ಟಿತನಕ್ಕೆ, ಚರ್ಮದ ಮೆತ್ತೆಗೆ, ಹೆಸರಿಗೆ, ಕೆಲವೊಮ್ಮೆ ಸೂಕ್ಷ್ಮವಾದ ನಾದಗುಣಕ್ಕೆ ಸಲ್ಲುತ್ತದೆ. ನನ್ನ ಸಲಹೆ ಇಷ್ಟು: ಮೊದಲಬಾರಿಗೆ ಕೊಳ್ಳುವವರು ಎರಡು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ತಂತಿಯುಳ್ಳ, ಕಿವಿಯೊಳಗಿನ ಒಂದನ್ನು ಆರಿಸಲಿ, ಈ ಬೆಲೆಯಲ್ಲಿ ಅದು ಕೊಡುವಷ್ಟು ನಾದವನ್ನು ಬೇರೆ ಯಾವ ಜಾತಿಯೂ ಕೊಡಲಾರದು. ಒಂದು ವರ್ಷ ಅದನ್ನು ಮನಸ್ಸಿಟ್ಟು ಕೇಳಿದ ಮೇಲೂ ಏನೋ ಕೊರತೆಯೆನಿಸಿದರೆ, ಆ ಕೊರತೆ ಯಾವುದೆಂದು ಬಾಯಿಬಿಟ್ಟು ಹೇಳಬಲ್ಲವರಾದರೆ, ಆಗ ಹೆಚ್ಚಿನದಕ್ಕೆ ಕೈಹಾಕಬಹುದು. ತಂತಿಯುಳ್ಳ ಒಳ್ಳೆಯ ಹೆಡ್‌ಫೋನಿನ ಮೆತ್ತೆಯನ್ನೂ ತಂತಿಯನ್ನೂ ಬದಲಾಯಿಸಿಕೊಂಡು ಹತ್ತಾರು ವರ್ಷ ಬಳಸಬಹುದು. ತಂತಿಯಿಲ್ಲದುದರ ಆಯುಸ್ಸು ಅದರ ಬ್ಯಾಟರಿಯ ಆಯುಸ್ಸು.

ಪರೀಕ್ಷಿಸುವಾಗ ಅಂಗಡಿಯವನು ಕೇಳಿಸುವ ಹಾಡನ್ನು ನಂಬದೆ ನಿಮಗೆ ಬಾಯಿಪಾಠವಾದ ಹಾಡನ್ನೇ ಕೇಳಿರಿ. ನಮ್ಮ ಸಂಗೀತದಲ್ಲಿ ಇದಕ್ಕೆ ತಂಬೂರಿಗಿಂತ ಒಳ್ಳೆಯ ಒರೆಗಲ್ಲಿಲ್ಲ. ಕುದುರೆಯ ಮೇಲೆ ತಂತಿಯಡಿಯಲ್ಲಿ ಸೇರಿಸುವ ಎಳೆನೂಲಿನಿಂದ ಹುಟ್ಟುವ ಆ ಝೇಂಕಾರದಲ್ಲಿ ಒಂದು ಸ್ವರದೊಳಗಿಂದ ಹಲವು ಸ್ವರಗಳು ಅರಳುತ್ತವೆ. ಒಳ್ಳೆಯ ಹೆಡ್‌ಫೋನಿನಲ್ಲಿ ಅವು ಎಳೆಎಳೆಯಾಗಿ ಕೇಳಿಸುತ್ತವೆ. ಸಾಧಾರಣವಾದುದರಲ್ಲಿ ಬರಿಯ ಗುಂಯ್‌ಗುಟ್ಟುವಿಕೆ. ಮೃದಂಗದ ಎಡಬದಿಯ ಗುಮಕಿ ತುಂಬಿ ಬರಬೇಕು, ಆದರೆ ಗಾಯಕನ ದನಿಯನ್ನು ಮುಸುಕಬಾರದು. ಭಾವಗೀತೆಯಲ್ಲಿ ಸಕಾರ ಶಕಾರಗಳು ಕಿವಿಯನ್ನು ಚುಚ್ಚಬಾರದು. ಹಳೆಯ 78 ಸುತ್ತಿನ ತಟ್ಟೆಗಳ ಸಂಗೀತವನ್ನೇ ಕೇಳುವವರು ಮಾತ್ರ ದುಬಾರಿ ಬೆಲೆ ತೆರಬೇಕಾದುದಿಲ್ಲ. ಆ ತಟ್ಟೆಯಲ್ಲಿ ಮುದ್ರಿತವಾಗದೆ ಇದ್ದುದನ್ನು ಯಾವ ಹೆಡ್‌ಫೋನೂ ತಂದುಕೊಡಲಾರದು; ಸರಸರ ಸದ್ದನ್ನು ಮಾತ್ರ ಇನ್ನಷ್ಟು ಸ್ಪಷ್ಟವಾಗಿ ಕೇಳಿಸೀತು. ನಾದದಷ್ಟೇ ಮುಖ್ಯವಾದುದು ದೇಹಸುಖ. ಅರ್ಧ ಗಂಟೆ ಧರಿಸಿ ನೋಡಿರಿ. ಕನ್ನಡಕ ಹಾಕುವವರಿಗೆ ಅದರ ಕಡ್ಡಿಯನ್ನು ಮೆತ್ತೆಯು ಒತ್ತುತ್ತದೆ, ಆ ಸಂದಿಯಿಂದ ಮಂದ್ರವೂ ಸೋರುತ್ತದೆ. ಹೆಂಗಸರು ನಿತ್ಯ ಧರಿಸುವ ಓಲೆ ಜುಮುಕಿಗಳನ್ನು ತೆಗೆಯದೆಯೇ ಪರೀಕ್ಷಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಅತ್ಯಂತ ಮುಖ್ಯವಾದ ಮಾತು ಉಳಿದಿದೆ. ನನ್ನ ತರಗತಿಯ ಒಬ್ಬ ವಿದ್ಯಾರ್ಥಿ ದಿನವೂ ಬಸ್ಸಿನಲ್ಲಿ ಒಂದೂವರೆ ಗಂಟೆ ಬಂದು, ಒಂದೂವರೆ ಗಂಟೆ ಹಿಂದಿರುಗುತ್ತಾನೆ. ದಾರಿಯುದ್ದಕ್ಕೂ ಹಾಡು. ವಾರಕ್ಕೆ ಆರು ದಿನವೆಂದರೆ 18 ಗಂಟೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ವಯಸ್ಕರು 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. ಮಕ್ಕಳಿಗಾದರೆ ಅಷ್ಟೇ ಗಂಟೆಗಳಿಗೆ 75 ಮಾತ್ರ. ಪ್ರತಿ ಮೂರು ಡೆಸಿಬೆಲ್ ಏರಿದಂತೆ ಅವಧಿಯು ಅರ್ಧವಾಗುತ್ತ ಹೋಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ. ಬಸ್ಸಿನ ಮೊರೆತವನ್ನು ಮೀರಿಸಲೆಂದು ಅವನು ಧ್ವನಿಯನ್ನು 92ಕ್ಕೆ ಏರಿಸಿದನೆನ್ನಿ. ಸೋಮವಾರ ಸಂಜೆ ಮನೆ ಮುಟ್ಟುವ ಮೊದಲೇ ಅವನ ಕಿವಿಯ ವಾರದ ಪಡಿ ತೀರಿಹೋಯಿತು. ಮಿಕ್ಕ ಐದು ದಿನಗಳದು ಸಾಲ. ಒಳಗಿವಿಯಲ್ಲಿರುವ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಆದುದರಿಂದ ಗದ್ದಲವನ್ನು ತಡೆಯುವ ಹೆಡ್‌ಫೋನು ಬಸ್ಸಿನವನಿಗೆ ಶೋಕಿಯಲ್ಲ; ಹೊರಗಿನದು ತಗ್ಗಿದರೆ ಒಳಗಿನದನ್ನು ಏರಿಸಬೇಕಾದುದೇ ಇಲ್ಲ. ಅವನಿಗೆ ನಾನು ಹೇಳಿದ್ದೂ ಅದನ್ನೇ: ಮನೆಗೆಂದು ಕೂಡಿಟ್ಟ ಹಣವನ್ನು ಮೊದಲು ಬಸ್ಸಿಗೆಂದು ಖರ್ಚುಮಾಡು. ಆದರೆ ರಸ್ತೆ ದಾಟುವಾಗ ಅದನ್ನು ತೆಗೆದಿಡಬೇಕೆಂಬುದನ್ನೂ ಸೇರಿಸಿ ಹೇಳಿದೆ.

ಇದಕ್ಕೆ ತಿರುವಾದ ಇನ್ನೊಂದು ಸಂಗತಿ ನಮ್ಮ ಮನೆಗಳಲ್ಲಿ ನಡೆಯುತ್ತಿದೆ. ಹಿರಿಯರು ಟೆಲಿವಿಷನ್ನಿನ ಧ್ವನಿಯನ್ನು ವರ್ಷವರ್ಷಕ್ಕೂ ಏರಿಸುತ್ತಾರೆ. ಮೊಮ್ಮಕ್ಕಳ ಓದಿಗೆ ತೊಂದರೆ. ಆಗ ಮಗನು ಒಂದು ಹೆಡ್‌ಫೋನನ್ನು ತಂದು, “ಅಪ್ಪ, ಇನ್ನು ನಿಮಗೆ ಬೇಕಾದಷ್ಟು ಜೋರಾಗಿ ಕೇಳಿ” ಎನ್ನುತ್ತಾನೆ. ಮನೆ ಶಾಂತವಾಗುತ್ತದೆ. ಆದರೆ ಧ್ವನಿ ಏರಿದುದು ರೋಗವಲ್ಲ, ರೋಗದ ಲಕ್ಷಣ. ಅದನ್ನು ಮುಚ್ಚಿಟ್ಟರೆ ಅವರ ಶ್ರವಣಶಕ್ತಿ ಕುಗ್ಗುತ್ತಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಊಟದ ಹೊತ್ತಿನ ಮಾತುಕತೆಯಿಂದ ಅವರು ಮೆಲ್ಲನೆ ಹೊರಗುಳಿಯುತ್ತಾರೆ. ಅಂಗಡಿಗೆ ಹೋಗುವ ಮೊದಲು ಅವರನ್ನು ಕಿವಿಯ ಪರೀಕ್ಷೆಗೆ ಕರೆದೊಯ್ಯುವುದು ವಿವೇಕ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಸಂಸ್ಥೆಯೇ ನಮ್ಮ ನಾಡಿನಲ್ಲಿರುವಾಗ ಉದಾಸೀನಕ್ಕೆ ಕಾರಣವಿಲ್ಲ. ಬೇಕಾದುದು ಶ್ರವಣಸಾಧನವಾಗಿರುವಲ್ಲಿ ಹೆಡ್‌ಫೋನನ್ನು ಕೊಟ್ಟರೆ, ಕನ್ನಡಕ ಬೇಕೆಂದವರಿಗೆ ದೀಪವನ್ನು ಹತ್ತಿರ ತಂದಿಟ್ಟಂತಾಗುತ್ತದೆ.

ಕೊಳ್ಳಹೊರಟವರು ಈ ಕ್ರಮದಲ್ಲಿ ಯೋಚಿಸಲಿ: ಯಾರು ಕೇಳುವವರು, ಎಲ್ಲಿ ಕೇಳುವರು, ಯಾವ ಉಪಕರಣದಿಂದ ಕೇಳುವರು, ದಿನಕ್ಕೆ ಎಷ್ಟು ಹೊತ್ತು ಕೇಳುವರು, ಕಡೆಗೆ ಬೆಲೆ. ಬಹುಪಾಲು ಜನರು ಕಡೆಯದನ್ನು ಮೊದಲು ಮಾಡುವುದರಿಂದಲೇ ಕಪಾಟಿನಲ್ಲಿ ಧೂಳು ಹಿಡಿಯುವ ಹೆಡ್‌ಫೋನುಗಳ ಸಂಖ್ಯೆ ಬೆಳೆಯುತ್ತಿದೆ. ಒಂದು ಕೆಟ್ಟರೆ ಇನ್ನೊಂದನ್ನು ಅಂಗಡಿಯಿಂದ ತರಬಹುದು. ಕಿವಿಗಳಿಗೆ ಅಂಗಡಿಯಿಲ್ಲ.