ಕುರಿ ಕೊಡ್ತೀರಿ, ಮೇಯಿಸಾಕ ಜಾಗಾ ಎಲ್ಲೈತಿ?



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಮ್ಮ ಕೇರಿಗಳಿಗೆ ಕುರಿ ಕೊಡುವ ಮಾತು ಬಂದಾಗಲೆಲ್ಲ ನಾನು ಕೇಳೋದು ಇಷ್ಟೇ: ಯಾವ ಕುರಿ, ಎಷ್ಟು ಕುರಿ, ಎಲ್ಲಿ ಮೇಯಬೇಕು?

2022ರಲ್ಲಿ ಘೋಷಿಸಿದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆ ನೋಡ್ರಿ. 20 ಕುರಿ, 1 ಟಗರು, ಅದೂ ಕುರಿ ಸಾಕಾಣಿಕೆದಾರರ ಸಹಕಾರ ಸಂಘದ ಸದಸ್ಯರಿಗೆ. ಕುರುಬ ಬಂಧುಗಳಿಗೆ ಸಿಗಲಿ, ಅದಕ್ಕ ನನ್ನ ತಕರಾರಿಲ್ಲ. ಆದ್ರ ಗೇಣು ಭೂಮಿ ಇಲ್ಲದ ಮಾದಿಗರ, ಹೊಲೆಯರ ಹೆಣ್ಣುಮಗಳು 21 ಜೀವ ಹೊಡಕೊಂಡು ಎಲ್ಲಿಗೆ ಹೋಗಬೇಕು? ಆಕಿಗೆ ನಾಲ್ಕೈದು ಸಾಕು. ಆಕಿ ಕೂಲಿಗೆ ಹೋದಾಗ ಮನಿಯಾಗಿನ ಮುದುಕಿ ಮೇಯಿಸಿಕೊಂಡು ಬರುವಷ್ಟು.

ಅಂಥ ಸಣ್ಣ ಹಿಂಡಿಗೆ ನಮ್ಮ ಡೆಕ್ಕನಿ ಕುರಿನೇ ಸರಿ, ಕರಿ ಉಣ್ಣಿಯ ಕಂಬಳಿ ಕುರಿ. ದಿನಗಟ್ಟಲೆ ನಡೀತೈತಿ, ಒಣಹುಲ್ಲು, ಕೂಳಿ ತಿಂದು ಬದುಕತೈತಿ, ಬರಗಾಲ ತಡಕೊಳ್ಳತೈತಿ. ಉಣ್ಣಿ ಒರಟು, ಕತ್ತರಿಸಿದ ಕೂಲಿನೂ ಹುಟ್ಟೋದಿಲ್ಲ ಅಂತ ಆಂಧ್ರದ ಕಡೆಯ ಎತ್ತರದ, ಉಣ್ಣಿ ಇಲ್ಲದ ತಳಿಯ ಟಗರು ಬಿಟ್ಟು ಮಿಶ್ರ ಮಾಡಿದ್ರು. ತೂಕ ಬರತೈತಿ, ಖರೆ. ಬಾವಿ, ಮೇವು ಇದ್ದವರಿಗೆ ಅದು ಲಾಭ. ಮಳಿಯಾಗ, ಥಂಡಿಯಾಗ ಬಯಲಿನಾಗ ನಿಲ್ಲೋ ಕುರಿಗೆ ಉಣ್ಣಿನೇ ಹೊದಿಕೆ.

ಡೆಕ್ಕನಿ ಸಾಮಾನ್ಯವಾಗಿ ಒಂದೇ ಮರಿ ಹಾಕತೈತಿ. ಅದಕ್ಕಂತ ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಸ್ಥೆಯವರು ಸುಂದರಬನದ ಪುಟ್ಟ ಗರೋಲ್ ಕುರಿಯ ಗುಣ ಸೇರಿಸಿ, ಅವಳಿ ಮರಿ ಹಾಕುವ 'ನಾರಿ ಸುವರ್ಣ' ಮಾಡಿದರು. ಒಳ್ಳೆ ಕೆಲಸ. ಆದ್ರ ಎರಡು ಮರಿಗೆ ಹಾಲು ಇಳಿಬೇಕಂದ್ರ ತಾಯಿ ಕುರಿಗೆ ಹೆಚ್ಚಿನ ಮೇವು ಬೇಕು. ಮತ್ತ ಅದೇ ಪ್ರಶ್ನೆ, ಮೇವು ಎಲ್ಲಿ?

ಗಾಯರಾಣ ಒತ್ತುವರಿಯಾಗೇತಿ. ಮಲಪ್ರಭೆಯ ನೀರು ಹರಿದ ಕಡೆ ಕಬ್ಬು ಬಂದು ಬೀಳು ಹೊಲ ಕಡಿಮೆಯಾಗ್ಯಾವು. ದೊಡ್ಡ ಹಿಂಡು ಬಂದ್ರ ಹೊಲದೊಡೆಯರು ಗೊಬ್ಬರಕ್ಕಂತ ರಾತ್ರಿ ಹೊಲದಾಗ ತರುಬಿಸ್ತಾರ, ಅದಕ್ಕ ಕಾಳು, ರೊಕ್ಕನೂ ಕೊಡ್ತಾರ. ನಮ್ಮ ಕೇರಿಯ ನಾಲ್ಕು ಕುರಿ ಬದುವಿಗೆ ಬಾಯಿ ಹಾಕಿದ್ರ ಮಾತ್ರ ಜಾತಿ ಎತ್ತಿ ಬೈಗುಳ. ಹಿಕ್ಕಿ ಬೇಕು, ಕುರಿ ಹಿಂದ ನಡೆಯೋ ಹೆಣ್ಣುಮಗಳು ಬ್ಯಾಡ!

2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ಹಣ ನಮ್ಮ ಹಕ್ಕಿನ ಹಣ. ಅದರಾಗ ಐದೈದು ಕುರಿಯ ಘಟಕ ಮಾಡ್ರಿ, ಹೆಣ್ಣುಮಕ್ಕಳ ಹೆಸರಿಗೆ ಕೊಡ್ರಿ. ಗುತ್ತಿಗೆದಾರನ ಲಾರಿಯಾಗ ದೂರದಿಂದ ತರೋದು ಬ್ಯಾಡ, ಇಲ್ಲೇ ಕುರಿಗಾರರ ಹಟ್ಟಿಯಿಂದ ಡೆಕ್ಕನಿ ಕೊಳ್ರಿ. ಅವರಿಗೂ ನಾಲ್ಕು ಕಾಸು ಸಿಗಲಿ. ಪಿಪಿಆರ್ ಲಸಿಕೆ ಕೇರಿಗೇ ಬಂದು ಹಾಕ್ರಿ. ಎಲ್ಲಕ್ಕಿಂತ ಮೊದಲು ಗಾಯರಾಣ ಅಳತಿ ಮಾಡಿ, ಒತ್ತುವರಿ ಬಿಡಿಸಿ, ಕೇರಿಯವರ ಮೇಯಿಸುವ ಹಕ್ಕನ್ನ ಗ್ರಾಮಸಭೆ ಠರಾವಿನಾಗ ಬರೆಸ್ರಿ.

ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದುಕೊಂಡೇ ಹೋಗ್ರಿ. ಸ್ವೀಕೃತಿ ಪಡೆಯದೇ ಎದ್ದು ಬರಬ್ಯಾಡ್ರಿ.